ಸಾಗವಾನಿ ಕಂಬದ ಮೊಳೆ

“ಆ ಮೊಳಿ ಕೀಳಬ್ಯಾಡ್ರಿ ಸಾಹೇಬರ. ಯಾವ್ದೋ ಕೂಸಿಗಿ ಹತ್ತಿದ್ದ ಗಾಳೀನ ಕಂಬದಾಗ ಕಟ್ಟ್ಯಾರ.”

ಬಡಿಗ ತಾಯಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಆರ್ಕಿಟೆಕ್ಟ್ ಸುಶಾಂತನಿಗೆ ನಗು ಬಂತು. ನೂರು ವರ್ಷದ ಕಲ್ಲಿನ ಶಾಲೆಗೆ ಎರಡು ಮರದ ಕೋಣೆ ಸೇರಿಸುವ ಕೆಲಸ ಹಿಡಿದು ಅವನು ಹೈದರಾಬಾದಿಗೆ ಬಂದು ಮೂರೇ ತಿಂಗಳಾಗಿತ್ತು. ಹೊಸದಾಗಿ ಒಂದು ಗಿಡವನ್ನೂ ಕಡಿಯಬಾರದೆಂಬುದು ಅವನ ಹಟ. ಐಟಿ ಕಂಪನಿಗಳಿಗೆ ಜಾಗ ಮಾಡಿಕೊಡಲು ಕೆಡವುತ್ತಿದ್ದ ಹಳೆಯ ಮನೆಗಳ ತೊಲೆ, ಕಂಬಗಳನ್ನೇ ತರಿಸಿದ್ದ. ಮೊಳೆಗಳನ್ನೆಲ್ಲ ಕಿತ್ತು, ರಂದಾ ಹೊಡೆದು ನುಣುಪು ಮಾಡಿದರೆ ಆಯಿತು.

ಅಷ್ಟು ಮರದಲ್ಲಿ ಈ ಒಂದೇ ಕಂಬಕ್ಕೆ ಯಾಕಪ್ಪ ಇವನ ತಕರಾರು? ಇದ್ದುದರಲ್ಲಿ ಇದೇ ಚೆಂದದ್ದು. ಬೇಡವೆಂದು ಬಿಟ್ಟರೆ ಮೆಲ್ಲಗೆ ಸಾಗಿಸುವ ಉಪಾಯ, ಇನ್ನೇನು!

“ಕಟ್ಟಿದ್ರ ಬಿಚ್ಚೋಣ ತಗೋ,” ಎಂದು ಸುಶಾಂತ ತಾನೇ ಇಕ್ಕಳ ಹಾಕಿ ಎಳೆದ.

ಕಂಬ ಕಿರ್ರೆಂದಿತು. ಕಿತ್ತುಬಂದ ಮೊಳೆಗೆ ಎಳೆಗೂದಲು ಸುತ್ತಿತ್ತು. ಸುಟ್ಟ ಕೂದಲಿನ ನಾತ ಮೂಗಿಗೆ ರಪ್ಪನೆ ಬಡಿಯಿತು. ಇದನ್ನೂ ಇವನೇ ಸುತ್ತಿಟ್ಟಿರಬೇಕೆಂದು ಸುಶಾಂತನಿಗೆ ಅನುಮಾನ. ಅಂದೇ ತಾಯಪ್ಪನನ್ನು ಕೆಲಸದಿಂದ ಬಿಡಿಸಿದ.

“ಆ ತೂತಿನಷ್ಟು ಎತ್ತರದ ಕೂಸನ್ನ ಕಂಬದ ಹತ್ರ ಬಿಡಬ್ಯಾಡ್ರಿ,” ಎಂದಷ್ಟೇ ಹೇಳಿ ತಾಯಪ್ಪ ಹೊರಟುಹೋದ.

ಜೂನ್‌ನಲ್ಲಿ ಶಾಲೆ ತೆರೆಯಿತು. ಹೊಸ ಕೋಣೆಯ ಬಾಗಿಲ ಪಕ್ಕ ಕಂಬ ಮಿರಿಮಿರಿ ಮಿಂಚುತ್ತಿತ್ತು. ಸುಶಾಂತನ ಮಗಳು ಮೃಣಾಲಿನಿಗೆ ಆರು ವರ್ಷ. ಅವಳನ್ನೂ ಅದೇ ಶಾಲೆಗೆ ಸೇರಿಸಿದ್ದ. ಮೊದಲ ದಿನ ಅಪ್ಪನ ಕೈ ಬಿಡಿಸಿಕೊಂಡು ಓಡಿದವಳು ಕಂಬಕ್ಕೆ ಬೆನ್ನು ಹಚ್ಚಿ ನಿಂತಳು. ನೆತ್ತಿ ಸರಿಯಾಗಿ ತೂತಿಗೆ ತಾಗಿತು.

“ಅಪ್ಪಾ, ಒಳಗ ಯಾರೋ ಉಸಿರಾಡ್ಲಿಕ್ಕತ್ತಾರ.”

ಅವಳ ಕಣ್ಣುಗುಡ್ಡೆಗಳು ಮೇಲೆ ಹೋದವು. ಅದೇ ನಾತ. ಮಗು ಕುಸಿಯಿತು. ಉಸಿರಿಲ್ಲ. ಉಸಿರಾಟದ ಸದ್ದು ಮಾತ್ರ ಕೇಳುತ್ತಲೇ ಇತ್ತು. ಮರದೊಳಗಿಂದ.

ಈ ದಿನಕ್ಕೆ ಹೆದರಿ ಬೆಳಗಿನಿಂದ ಗೇಟಿನ ಹೊರಗೆ ಕೂತಿದ್ದ ತಾಯಪ್ಪ ಓಡಿಬಂದ. ಸುಶಾಂತ ಅವನ ಕೊರಳಪಟ್ಟಿ ಹಿಡಿದ.

“ಏನ್ ತಿನ್ನಿಸೀಯೋ ನನ್ನ ಮಗಳಿಗೆ?”

“ಬೈಯೋದು ಆಮ್ಯಾಗ ಬೈರಿ! ಆಕಿ ಕೂದಲಾ ಸುತ್ತಿ ಅದೇ ತೂತಿನಾಗ ಮೊಳಿ ಹೊಡೀರಿ. ತಂದೀನೇ ಹೊಡೀಬೇಕು. ಉಸಿರು ಬರ್ತೈತಿ.” ತಾಯಪ್ಪ ಚೀಲದಿಂದ ಸುತ್ತಿಗೆ, ಮೊಳೆ ತೆಗೆದು ಚಾಚಿದ. “ಬೆಳವಣಿಗಿ ಮಾತ್ರ ಆ ಮೊಳಿ ಎತ್ತರಕ್ಕೇ ನಿಲ್ಲತೈತಿ, ಸಾಹೇಬರ.”

ಮಗುವಿನ ತುಟಿ ನೀಲಿಗಟ್ಟುತ್ತಿತ್ತು. ಯೋಚಿಸಲು ಹೊತ್ತೆಲ್ಲಿ? ಸುಶಾಂತ ಕೂದಲು ಕಿತ್ತ. ಸುತ್ತಿದ. ಸುತ್ತಿಗೆ ಎತ್ತಿದ. ಒಂದು ಏಟು. ಎರಡು. ಮೂರು.

ಮೃಣಾಲಿನಿ ಕಿಟಾರನೆ ಅತ್ತಳು. ಅಯ್ಯೋ ದೇವರೇ, ಆ ಅಳು ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು!

ಏಳು ವರ್ಷವಾಯಿತು. ತೋರಿಸದ ಡಾಕ್ಟರಿಲ್ಲ. ಆಗ ತೊಡೆಯ ಮೇಲಿದ್ದ ತಮ್ಮ ಜಯತೀರ್ಥ ಈಗ ಅಕ್ಕನನ್ನು ಕೈಹಿಡಿದು ರಸ್ತೆ ದಾಟಿಸುತ್ತಾನೆ.

“ಅಪ್ಪಾ, ಜಯತೀರ್ಥ ಎಲ್ಲಾರಿಗೂ ನಾನು ಅವನ ತಂಗಿ ಅಂತ ಹೇಳ್ತಾನ,” ಎಂದು ಮೊನ್ನೆ ಮೃಣಾಲಿನಿ ಅಳುತ್ತ ಬಂದಳು.

“ಹಂಗ ಹೇಳಲಿ ಬಿಡವ್ವಾ,” ಎಂದ ಸುಶಾಂತ.