ಬಾಗಿಲ ಕಡೆ ನೋಡುವ ಸೈನಿಕರು

"ಲಿಫ್ಟ್ ರಿಪೇರಿ ಮಾಡೋನು ನಾನು. ನಿಮ್ಮ ಮನೆಗೆ ಮೂರು ಮಹಡಿ ಹತ್ತಿ ಬರಬೇಕಾಯ್ತು ನೋಡಿ, ನನ್ನ ಕರ್ಮ."

ಅವನು ಆಡಿದ ಮೊದಲ ಮಾತು ಅದು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ. ಒಂದು ಕೈಯಲ್ಲಿ ನೀಲಿ ಬಿಸ್ಕತ್ತಿನ ಡಬ್ಬಿ, ಇನ್ನೊಂದರಲ್ಲಿ ದಾರ ಸುತ್ತಿದ ಕಾಗದದ ಪೊಟ್ಟಣ.

ಅವಳು ನಗಲಿಲ್ಲ. ನಗುವುದು ಮರೆತು ಹೋಗಿರಲಿಲ್ಲ, ಆದರೆ ತೆಗೆದು ಬಳಸಿ ಬಹಳ ದಿನವಾಗಿತ್ತು.

ಅವಳ ಕೆಲಸ ಹೆಬ್ಬೆರಳು ಗಾತ್ರದ ಸೈನಿಕರಿಗೆ ಬಣ್ಣ ಹಚ್ಚುವುದು. ಮೇಜಿನ ಮೇಲೆ ಸೇನೆ ಹೂಡಿ, ದಾಳ ಉರುಳಿಸಿ, ಟೇಪು ಹಿಡಿದು ಅಳೆದು ಯುದ್ಧ ಆಡುವವರಿದ್ದಾರೆ. ಅವರಿಗೆ ಆಡಲು ಪುರುಸೊತ್ತಿರುತ್ತದೆ, ಹಚ್ಚಲು ಇರುವುದಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ಕಿನ ಸೇನೆಗಳು ಕೊರಿಯರಿನಲ್ಲಿ ಇವಳ ಹತ್ತಿರ ಬರುತ್ತಿದ್ದವು, ಜೀವ ತುಂಬಿಸಿಕೊಂಡು ಕೊರಿಯರಿನಲ್ಲೇ ಹೋಗುತ್ತಿದ್ದವು. ಕಣ್ಣು ಬರೆಯುವುದರಲ್ಲಿ ಅವಳದು ಎತ್ತಿದ ಕೈ. ಸಾಸಿವೆಗಿಂತ ಚಿಕ್ಕ ಕಣ್ಣಲ್ಲಿ ಒಬ್ಬನಿಗೆ ಭಯ, ಒಬ್ಬನಿಗೆ ಹಟ, ಒಬ್ಬನಿಗೆ ಮನೆಯ ನೆನಪು. ಸಾವಿರ ಜನರಿಗೆ ಕಣ್ಣು ಕೊಟ್ಟಿದ್ದಳು. ಅವಳನ್ನು ಕಣ್ಣೆತ್ತಿ ನೋಡಿದವರು ಮಾತ್ರ ಕಡಿಮೆ.

ಅವನು ಡಬ್ಬಿಯ ಮುಚ್ಚಳ ತೆಗೆದ. "ನನ್ನ ತಮ್ಮ ಹಚ್ಚಿದ್ದು. ಇಪ್ಪತ್ತನಾಲ್ಕು ಇವೆ. ಪೊಟ್ಟಣದಲ್ಲಿ ಹನ್ನೊಂದು ಹಾಗೇ ಉಳಿದಿವೆ. ಅವನು ಹೋದ." ಡಬ್ಬಿಯ ಮೇಲೆ ಕೈಯಿಟ್ಟು ಹೇಳಿದ: "ಹನ್ನೊಂದಕ್ಕೆ ಮಾತ್ರ ನೀವು ಹಚ್ಚಿ. ಅವನು ಹಚ್ಚಿದ್ದನ್ನ ಮುಟ್ಟಬೇಡಿ. ಜೊತೆಗಿಟ್ಟರೆ ಸರಿಹೋಗ್ಲಿ ಅಂತ ಕೊಡ್ತಿದೀನಿ, ಅಷ್ಟೇ."

"ಒಟ್ಟು ಮೂವತ್ತೈದಾ?"

"ಮೂವತ್ತಾರು." ಅಂಗಿಯ ಜೇಬಿನಿಂದ ಒಬ್ಬ ಕಹಳೆಯವನನ್ನು ತೆಗೆದು ಅಂಗೈ ಮೇಲೆ ನಿಲ್ಲಿಸಿದ. "ಇವನನ್ನೂ ಅವನೇ ಹಚ್ಚಿದ್ದು. ನನ್ನ ಜೊತೆ ದಿನಾ ಡ್ಯೂಟಿಗೆ ಬರ್ತಾನೆ. ಇವನನ್ನ ಕೊಡಲ್ಲ."

ಅವಳು ಒಂದು ನೋಟ ನೋಡಿದಳು. ಬಣ್ಣ ಮಂದ, ಅಂಚು ಒರಟು, ಕಣ್ಣೆರಡೂ ಎಡಕ್ಕೆ ಹೊರಳಿದ್ದವು. ಕಲಿಯುವವರ ಕೈ. ಚೀಟಿ ಬರೆದು ಕೊಟ್ಟಳು.

ಒಳಗಿನಿಂದ ಅತ್ತೆ ಕೇಳಿದಳು: "ಯಾರೇ ಗುಬ್ಬಿ ಅದು?" ಅತ್ತೆ ಎಂದರೆ ಅಪ್ಪನ ಅಕ್ಕ. ಕೆಳಗಿನ ಟೈಲರ್ ಅಂಗಡಿಗೆ ಗುಂಡಿ ಹೊಲಿದು ಕೊಡುತ್ತ, ಬಾಯಲ್ಲಿ ಹಳೆಯ ಪದ್ಯ ಗುನುಗುತ್ತ ಕೂತಿರುತ್ತಿದ್ದಳು.

"ಲಿಫ್ಟಿನವರು ಅತ್ತೆ."

"ಈ ಕಟ್ಟಡಕ್ಕೆ ಲಿಫ್ಟೇ ಇಲ್ಲವಲ್ಲೇ!"

ಆಗ ಅವನು ನಕ್ಕ. ಇಳಿದು ಹೋಗುವಾಗ ಆ ನಗು ಮೆಟ್ಟಿಲುದ್ದಕ್ಕೂ ಕೇಳಿಸಿತು. ಅವಳು ಬಾಗಿಲು ಹಾಕಲು ತುಸು ತಡಮಾಡಿದಳು.

*

ಅವಳಿಗೊಂದು ಅಭ್ಯಾಸವಿತ್ತು. ಹಳೆಯ ಬಣ್ಣ ತೊಳೆದು ಹೊಸದು ಹಚ್ಚಲು ಬರುವ ಸೇನೆಗಳನ್ನು ಅವಳು ನೋಡುತ್ತಿರಲಿಲ್ಲ. ನೋಡಿದರೆ ಮನಸ್ಸು ಬರುವುದಿಲ್ಲ. ಯಾರದೋ ಕೈ, ಯಾರದೋ ಸಂಜೆಗಳು. ಮುಖ ಕಿಟಕಿಯ ಕಡೆ ತಿರುಗಿಸಿ, ಬಣ್ಣ ಕಳೆಯುವ ದ್ರಾವಣದ ಭರಣಿಗೆ ಎಲ್ಲವನ್ನೂ ಸುರಿದುಬಿಡುತ್ತಿದ್ದಳು. ಎರಡು ದಿನಕ್ಕೆ ಎಲ್ಲ ಬೆತ್ತಲೆ ಬೂದು.

ಆ ವಾರ ಇನ್ನೊಬ್ಬ ಗಿರಾಕಿಯ ಹಳೆಯ ಕುದುರೆಪಡೆ ಬಂದಿತ್ತು. ಅದೂ ನೀಲಿ ಬಿಸ್ಕತ್ತಿನ ಡಬ್ಬಿಯಲ್ಲಿ.

ಶನಿವಾರ ಬೆಳಿಗ್ಗೆ ಭರಣಿ ಬಗ್ಗಿಸಿದಳು. ಜಾಲರಿಯ ಮೇಲೆ ಕುದುರೆಗಳು ಬೀಳಲಿಲ್ಲ. ಕಾಲಾಳುಗಳು ಬಿದ್ದರು. ಒಬ್ಬ, ಇಬ್ಬರು, ಹತ್ತು, ಇಪ್ಪತ್ತನಾಲ್ಕು. ಮುಖವಿಲ್ಲ, ಟೋಪಿಯ ಬಣ್ಣವಿಲ್ಲ, ಕಣ್ಣಿಲ್ಲ. ಕೆಳಗಿನ ಬೋಗುಣಿಯಲ್ಲಿ ಒಬ್ಬ ತಮ್ಮನ ಬಣ್ಣವೆಲ್ಲ ಕೆಸರಾಗಿ ನಿಂತಿತ್ತು.

ಅವಳು ನೆಲದ ಮೇಲೆ ಕೂತುಬಿಟ್ಟಳು.

"ಏನಾಯ್ತೇ?" ಎಂದಳು ಅತ್ತೆ.

"ಏನಿಲ್ಲ."

"ಏನಿಲ್ಲದಕ್ಕೆ ಯಾರೂ ನೆಲ ಹಿಡಿಯಲ್ಲ."

ಹೇಳಿದಳು. ಅತ್ತೆಯ ಸೂಜಿ ನಿಂತಿತು. "ಫೋನ್ ಮಾಡಿ ಹೇಳಿಬಿಡು. ಇವತ್ತು ಹೇಳಿದ್ರೆ ತಪ್ಪು. ನಾಳೆ ಹೇಳಿದ್ರೆ ಸುಳ್ಳು."

ಫೋನು ಕೈಗೆತ್ತಿಕೊಂಡಳು. ಮೂರು ಮಹಡಿ ಇಳಿದುಹೋದ ಆ ನಗು ನೆನಪಾಯಿತು. ಫೋನು ಕೆಳಗಿಟ್ಟಳು.

*

ಗುರುವಾರ ಅವನಿಗೆ ರಜೆ. "ಹೇಗೆ ನಡೀತಿದೆ ಅಂತ ನೋಡೋಕೆ ಬಂದೆ. ಬರಬಹುದಾ?"

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ನಿಂತಿದ್ದಳು ಅವಳು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. "ಬನ್ನಿ," ಎಂದಳು. ಕೂತ ಮೇಲೆ ಕೇಳಿದಳು: "ನಿಮ್ಮ ಕಹಳೆಯವನನ್ನ ಮಾದರಿಗೆ ಕೊಡ್ತೀರಾ? ಸ್ವಲ್ಪ ದಿನ."

ಅವನು ಜೇಬು ಮುಟ್ಟಿಕೊಂಡ. ಕೊನೆಗೆ ತೆಗೆದು ಅವಳ ಅಂಗೈಗಿಟ್ಟ. ಸೈನಿಕ ಇನ್ನೂ ಬೆಚ್ಚಗಿದ್ದ.

"ಡಬ್ಬಿಯೋರನ್ನ ಒಮ್ಮೆ ನೋಡಲಾ?"

"ಎಲ್ಲ ಮುಗಿದ ಮೇಲೆ ಒಟ್ಟಿಗೆ ನೋಡಿ," ಎಂದಳು. ಅದು ಮೊದಲ ಸುಳ್ಳು.

ಅಂದಿನಿಂದ ಪ್ರತಿ ಗುರುವಾರ. ಅವನು ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಅವಳು ಸೀಸೆಯ ಬಿರಡೆಯ ಮೇಲೆ ಬೇರೆ ಯಾರದೋ ಸೈನಿಕನನ್ನು ಅಂಟಿಸಿ, ಬಿರಡೆ ಹಿಡಿದು ಹಚ್ಚುತ್ತ, ಕಣ್ಣೆತ್ತದೆ ಕೇಳುತ್ತಿದ್ದಳು.

"ನಿಮ್ಮ ತಮ್ಮ ಟೋಪಿಗೆ ಯಾಕೆ ಅಷ್ಟು ಕಡು ಕೆಂಪು ಹಾಕಿದ್ದು?"

"ಅವನ ಹತ್ರ ಒಂದೇ ಕೆಂಪು ಇತ್ತು. ನಾನೇ ತಂದುಕೊಟ್ಟಿದ್ದು. ಅಂಗಡಿಯೋನು ಇನ್ನೊಂದು ಕೆಂಪೂ ಇದೆ ಅಂದ. ಕೆಂಪಲ್ಲಿ ಎರಡಿರುತ್ತಾ ಅಂತ ನಾನು ಜಗಳಾಡಿ ಬಂದೆ."

"ನಲವತ್ತಿರುತ್ತೆ."

"ದೇವರೇ!"

"ಬೆಲ್ಟು?"

"ಬೆಲ್ಟು ಕಂದು. ಇಬ್ಬರಿಗೆ ಮಾತ್ರ ಕಪ್ಪು. ಅವರಿಬ್ಬರೂ ನಾನು ಮತ್ತೆ ಅವನು ಅಂತೆ. ಕಂಪನಿ ಬೆಲ್ಟು ಕಪ್ಪಲ್ವಾ ನಂದು?"

ಒಂದೊಂದು ಪ್ರಶ್ನೆಯೂ ಒಂದೊಂದು ಕಳ್ಳತನ. ಅವನು ಹೋದ ಮೇಲೆ ಅವಳು ಎಲ್ಲವನ್ನೂ ಬರೆದಿಡುತ್ತಿದ್ದಳು. ಆದರೆ ಬರೆಯುವಾಗ ಬೆಲ್ಟು, ಟೋಪಿ, ಬೂಟುಗಳ ನಡುವೆ ಬೇರೇನೋ ಬಂದು ಸೇರುತ್ತಿತ್ತು: ತಮ್ಮನ ಮಾತು ಬಂದಾಗ ಅವನ ಧ್ವನಿ ಅರ್ಧ ಮೆಟ್ಟಿಲು ಕೆಳಗಿಳಿಯುವುದು, ಗ್ರೀಸು ಹೋಗದ ಉಗುರುಗಳನ್ನು ಅವನು ಮೇಜಿನಡಿ ಅಡಗಿಸುವುದು.

ಒಂದು ಗುರುವಾರ ಅವನು ತನ್ನ ಕೆಳತುಟಿ ಮುಟ್ಟಿಕೊಂಡು ತೋರಿಸಿದ. "ನೀಲಿ ಹತ್ತಿದೆ ನಿಮಗೆ. ಇಲ್ಲಿ."

ಬ್ರಶ್ಶಿನ ತುದಿ ಚೂಪು ಮಾಡಲು ತುಟಿಗೆ ತಾಗಿಸುವುದು ಅವಳ ರೂಢಿ. "ಯಾವಾಗಿಂದ ಇದೆ?"

"ನಾನು ಬಂದಾಗಿಂದ."

"ಆಗಲೇ ಹೇಳಬಾರದಿತ್ತಾ?"

"ಹೇಳಿದ್ರೆ ಒರೆಸ್ಕೋತಿದ್ರಿ."

ಅವಳು ತಲೆ ಬಗ್ಗಿಸಿದಳು. ಆ ಹೊತ್ತು ಅವಳ ಕೈಯಲ್ಲಿದ್ದ ಸೈನಿಕನಿಗೆ ಅಗತ್ಯಕ್ಕಿಂತ ಹೆಚ್ಚು ಕೆನ್ನೆಗೆಂಪು ಬಿತ್ತು. ಒಳಗೆ ಅತ್ತೆಯ ಪದ್ಯ ಒಂದು ಸಾಲಿನಲ್ಲಿ ನಿಂತು, ಅದೇ ಸಾಲನ್ನು ಇನ್ನೊಮ್ಮೆ ಎತ್ತಿಕೊಂಡಿತು.

ಉಳಿದ ಆರು ದಿನ ಅವಳು ಆ ತಮ್ಮನ ಹಾಗೆ ಕೆಟ್ಟದಾಗಿ ಹಚ್ಚಲು ಕಲಿಯುತ್ತಿದ್ದಳು. ಸುಲಭವಲ್ಲ ಅದು. ಹದಿನಾಲ್ಕು ವರ್ಷ ಪಳಗಿದ ಕೈ ತಾನಾಗಿಯೇ ಅಂಚು ಹಿಡಿಯುತ್ತಿತ್ತು, ಬೆಳಕು ಕೂರಿಸುತ್ತಿತ್ತು. ಒರೆಸಬೇಕು, ಮತ್ತೆ ಹಚ್ಚಬೇಕು. ಕಹಳೆಯವನನ್ನು ಎದುರಿಗಿಟ್ಟುಕೊಂಡು, ಗುರುವಿನ ಮುಂದೆ ಕೂತ ಹಾಗೆ ಕೂರುತ್ತಿದ್ದಳು. ಒಂದೇ ಒಂದು ಗಂಟು ಬಿಡಿಸಲಾಗಲಿಲ್ಲ.

"ಕಣ್ಣು ಯಾಕೆ ಎಡಕ್ಕೆ?" ಎಂಟನೆಯ ಗುರುವಾರ ಕೇಳಿದಳು. "ಎಲ್ಲರದೂ ಹಾಗೇನಾ?"

"ಎಲ್ಲರದೂ." ಅವನು ಬೀದಿಯ ಕಡೆ ನೋಡಿದ. "ಕೊನೇ ವರ್ಷ ಅವನು ಮಲಗೇ ಇದ್ದ. ಎದೆ ಮೇಲೆ ಟ್ರೇ ಇಟ್ಕೊಂಡು ಹಚ್ಚೋನು. ಬಾಗಿಲು ಅವನ ಎಡಗಡೆ. ನಾನು ಡ್ಯೂಟಿ ಮುಗಿಸಿ ಬರೋದನ್ನ ನೋಡ್ತಾ ನೋಡ್ತಾ ಹಚ್ಚೋನಲ್ವಾ... ಅವರೂ ಆ ಕಡೆನೇ ನೋಡೋಕೆ ಶುರು ಮಾಡಿದ್ರು."

ಅವಳ ಬ್ರಶ್ಶು ನಿಂತಿತು.

"ಇದನ್ನ ಯಾರಿಗೂ ಹೇಳಿರಲಿಲ್ಲ," ಎಂದ ಅವನು. "ಯಾರೂ ಕೇಳೂ ಇರಲಿಲ್ಲ."

*

ಒಂಬತ್ತನೆಯ ಗುರುವಾರ ಇಪ್ಪತ್ತನಾಲ್ವರೂ ಮೇಜಿನ ಮೇಲೆ ನಿಂತಿದ್ದರು. ಕಡು ಕೆಂಪು ಟೋಪಿ, ಕಂದು ಬೆಲ್ಟು, ಇಬ್ಬರಿಗೆ ಕಪ್ಪು. ಎಲ್ಲರ ಕಣ್ಣೂ ಎಡಕ್ಕೆ. ಕಹಳೆಯವನು ಅವರ ಮುಂದೆ. ಯಾವುದು ತಮ್ಮನ ಕೈ, ಯಾವುದು ಅವಳದು ಎಂದು ಹೇಳಲು ಅವಳ ಹೊರತು ಯಾರಿಂದಲೂ ಸಾಧ್ಯವಿರಲಿಲ್ಲ.

ಒಂದು ಮಾತೂ ಆಡದಿದ್ದರೆ ಆಯಿತು. ಗುರುವಾರಗಳು ಉಳಿಯುತ್ತವೆ.

ಅವನು ಬಗ್ಗಿ ನೋಡಿದ. ಕಪ್ಪು ಬೆಲ್ಟಿನ ಒಬ್ಬನನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. ಕೋಟಿನ ಅಂಚಿನ ಬಿಳಿ ಗೆರೆ ಅಲ್ಲಿ ಅಂಕುಡೊಂಕಾಗಿತ್ತು.

"ಇದನ್ನ ಹಚ್ಚಿದ ದಿನ ಅವನಿಗೆ ಜ್ವರ ಇತ್ತು," ಎಂದ. ಕಣ್ಣೊರೆಸಿಕೊಂಡ. "ಕೈ ಹೇಗೆ ನಡುಗಿದೆ ನೋಡಿ. ಬೇಡ ಮಲಗೋ ಅಂದ್ರೂ ಕೇಳಲಿಲ್ಲ, ಕತ್ತೆ." ಬೆರಳ ತುದಿಯಿಂದ ಆ ಗೆರೆಯನ್ನು ಸವರಿದ.

ಆ ಗೆರೆ ಅವಳದು. ಮಂಗಳವಾರ ಮಧ್ಯಾಹ್ನ, ಇವನು ಗುರುವಾರ ಬರುತ್ತಾನೆಂಬ ಭಯಕ್ಕೆ ನಡುಗಿದ ಅವಳದೇ ಕೈ.

ಸಾಕು ಅನ್ನಿಸಿತು. ತನ್ನ ನಡುಕಕ್ಕೆ ಅವನು ಅಳುವುದನ್ನು ನೋಡುತ್ತ ಕೂರುವುದು ಅವಳಿಂದಾಗಲಿಲ್ಲ.

"ಅದು ಅವರು ಹಚ್ಚಿದ್ದಲ್ಲ," ಎಂದಳು. "ನಾನು. ಇಪ್ಪತ್ತನಾಲ್ಕೂ ನಾನೇ ಹಚ್ಚಿದ್ದು. ಅವರದ್ದನ್ನ ನೀವು ಕೊಟ್ಟ ವಾರವೇ ತೊಳೆದುಬಿಟ್ಟೆ. ಡಬ್ಬಿ ಅದಲುಬದಲಾಯ್ತು. ನಾನು ನೋಡಲಿಲ್ಲ. ನೋಡೋ ಅಭ್ಯಾಸ ಇರಲಿಲ್ಲ ನನಗೆ."

ಅವನು ಸೈನಿಕನನ್ನು ಇಟ್ಟ. ಬೀಳದ ಹಾಗೆ, ಮೆಲ್ಲಗೆ.

"ಎಂಟು ವಾರ," ಎಂದ. "ಟೋಪಿ ಬಣ್ಣ ಕೇಳಿದ್ರಿ. ಬೆಲ್ಟು ಕೇಳಿದ್ರಿ. ಇದಕ್ಕಾ?"

"ಮೊದಮೊದಲು ಇದಕ್ಕೇ."

ಆಮೇಲೆ ಯಾತಕ್ಕೆ ಎಂದು ಅವನು ಕೇಳಲಿಲ್ಲ. ಕಹಳೆಯವನನ್ನು ಮಾತ್ರ ಜೇಬಿಗೆ ಹಾಕಿಕೊಂಡು ಎದ್ದ. ಮೆಟ್ಟಿಲಿಳಿಯುವ ಸದ್ದು. ಅವಳು ಎಣಿಸಿದಳು. ನಲವತ್ತೆಂಟು. ಆಮೇಲೆ ಬೀದಿ.

*

ಮೊದಲ ಗುರುವಾರ ಅವನು ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಅವಳು ಸ್ಟೂಲಿನ ಮೇಲಿನ ಧೂಳು ಒರೆಸಿದಳು.

ಎರಡನೆಯ ಗುರುವಾರವೂ ಒರೆಸಿದಳು. ಅತ್ತೆ ಕನ್ನಡಕದ ಮೇಲಿಂದ ನೋಡಿದಳು. "ಸ್ಟೂಲು ಸವೆದುಹೋಗುತ್ತೆ ಗುಬ್ಬಿ."

"ಸುಮ್ಮನಿರಿ ಅತ್ತೆ."

"ನಾನು ಸುಮ್ಮನಿದ್ದೀನಮ್ಮ. ಪಾಪ, ಸ್ಟೂಲಿಗೆ ಬಾಯಿಲ್ಲವಲ್ಲ ಅಂತ ಹೇಳಿದೆ." ಆಮೇಲೆ ದಾರ ಕಚ್ಚಿ ತುಂಡರಿಸಿ, ಮೆತ್ತಗೆ: "ಹೇಳಿದ್ದು ಒಳ್ಳೇದಾಯ್ತು ಬಿಡು. ಕಳಕೊಂಡ್ರೂ ಹಗುರಾಗಿ ಕಳಕೊಂಡೆ."

ಹಗುರಾಗಿರಲಿಲ್ಲ. ಕೋಣೆ ಅದೇ, ಕೆಳಗಿನ ಹೊಲಿಗೆ ಯಂತ್ರದ ಸದ್ದು ಅದೇ, ಕಿಟಕಿಯಾಚೆ ನಿಲ್ದಾಣಕ್ಕೆ ಬಂದು ಹೋಗುವ ಬಸ್ಸುಗಳು ಅವೇ. ಆದರೆ ಮೌನಕ್ಕೆ ಈಗ ಒಂದು ಆಕಾರ ಬಂದಿತ್ತು. ಸ್ಟೂಲಿನ ಮೇಲೆ, ಮೊಣಕಾಲ ಮೇಲೆ ಕೈಯೂರಿ ಕೂತ ಆಕಾರ. ಇಪ್ಪತ್ತನಾಲ್ಕು ಸೈನಿಕರನ್ನು ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ. ಅವಳ ಮೇಜಿನ ಎಡಕ್ಕೂ ಬಾಗಿಲೇ ಇತ್ತು ಎಂಬುದನ್ನು ಅವಳು ಈಗ ಗಮನಿಸಿದಳು. ಅವರೆಲ್ಲ ಅತ್ತಲೇ ನೋಡುತ್ತಿದ್ದರು. ಅವಳೂ.

ಮೂರನೆಯ ಗುರುವಾರ ಹಾಗೇ ಸಂಜೆಯಾಯಿತು.

ನಾಲ್ಕನೆಯದರಂದು ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ನಲವತ್ತಾರು, ನಲವತ್ತೇಳು. ಕೊನೆಯದೊಂದು ಬಹಳ ಹೊತ್ತು ಬರಲಿಲ್ಲ. ಆಮೇಲೆ ಬಂತು.

ಅವನು ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಕಹಳೆಯವನನ್ನು ಜೇಬಿನಿಂದ ತೆಗೆದು ಸೇನೆಯ ಮುಂದೆ ನಿಲ್ಲಿಸಿದ.

"ಸಿಟ್ಟು ಹೋಗಿಲ್ಲ," ಎಂದ.

"ಹೋಗಬಾರದು."

"ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಾನೇ ಇರಲಿಲ್ಲ."

"ಇಲ್ಲ."

"ಅದೇ ಯೋಚನೆ ಮಾಡ್ತಿದ್ದೆ. ಲಿಫ್ಟಿನ ಕೆಳಗಿನ ಗುಂಡೀಲಿ ಕೂತ್ಕೊಂಡು ನಾಲ್ಕು ವಾರ ಅದನ್ನೇ ಯೋಚನೆ ಮಾಡಿದೀನಿ." ಮುಖ ಒರೆಸಿಕೊಂಡ. "ಅವನು ಹೋದ ಮೇಲೆ ಬಂದವರೆಲ್ಲ 'ಧೈರ್ಯ ತಗೋ' ಅಂದ್ರು. ಅವನ ಕೆಂಪು ಯಾವ ಕೆಂಪು ಅಂತ ಒಬ್ಬರೂ ಕೇಳಲಿಲ್ಲ. ನೀವು ಕೇಳಿದ್ರಿ. ಕಳ್ಳತನಕ್ಕೇ ಕೇಳಿದ್ರಿ, ಇರಲಿ. ಆದ್ರೆ ಈಗ ಅವನು ಹೇಗಿದ್ದ ಅಂತ ನನ್ನ ಬಿಟ್ರೆ ಗೊತ್ತಿರೋದು ನಿಮಗೊಬ್ಬರಿಗೇ. ನಾನು ಇನ್ನೆಲ್ಲಿಗೆ ಹೋಗ್ಲಿ ಹೇಳಿ?"

ಕಣ್ಣು ಬರೆಯುವವಳ ಕಣ್ಣು ತುಂಬಿ ಬಂತು, ಎದುರಿಗಿನವನ ಮುಖ ಬಣ್ಣ ಕಲೆಸಿದ ನೀರಾಯಿತು.

"ಮೊದಮೊದಲು ಇದಕ್ಕೇ ಅಂದ್ರಿ," ಎಂದ ಅವನು. "ಆಮೇಲೆ?"

"ಆಮೇಲೆ ಗುರುವಾರ ಆಗ್ಲಿ ಅಂತ."

ಅವನು ಸೇನೆಯ ಕಡೆ ತಿರುಗಿದ. "ಒಂದು ಅವನದು," ಎಂದ. "ಇಪ್ಪತ್ತನಾಲ್ಕು ನಿಮ್ಮದು. ತೊಳೆಯೋದು ಬೇಡ, ಹೀಗೇ ಇರ್ಲಿ. ಆ ಹನ್ನೊಂದು?"

ಅವಳು ಎದ್ದು ಕಪಾಟಿನಿಂದ ಪೊಟ್ಟಣ ತಂದಳು. ದಾರ ಬಿಚ್ಚಿ ಒಬ್ಬ ಬೂದು ಸೈನಿಕನನ್ನು ಬಿರಡೆಗೆ ಅಂಟಿಸಿ ಅವನ ಕೈಗಿಟ್ಟಳು. "ನಿಮ್ಮದು."

"ಅಯ್ಯೋ, ನನಗೆ ಬರಲ್ಲ! ಈ ಕೈ ನೋಡಿ, ಸ್ಪ್ಯಾನರ್ ಹಿಡಿಯೋ ಕೈ. ಕೆಟ್ಟದಾಗುತ್ತೆ."

"ಕೆಟ್ಟದಾಗಿ ಹಚ್ಚೋದು ನನಗೂ ಬರ್ತಿರಲಿಲ್ಲ. ಕಲಿತೆ."

ಒಳಗೆ ಅತ್ತೆ ಮೆಲ್ಲಗೆ ನಕ್ಕದ್ದು ಗೋಡೆಯಾಚೆಗೂ ಕೇಳಿಸಿತು.

ಅವಳು ಅವನ ಪಕ್ಕಕ್ಕೆ ಬಂದು ಕೂತಳು. ಗ್ರೀಸಿನ ಉಗುರುಗಳನ್ನು ಅವನು ಈ ಸಲ ಅಡಗಿಸಲಿಲ್ಲ. ಬ್ರಶ್ಶು ಹಿಡಿಸಿ, ಮಣಿಕಟ್ಟು ಮೇಜಿನ ಅಂಚಿಗೆ ಊರಿಸಿ, ಅದರ ಮೇಲೆ ತನ್ನ ಕೈಯಿಟ್ಟಳು. ಸಂಜೆಯ ಬಿಸಿಲು ಮೇಜಿನ ಕೊನೆಯಂಚಿಗೆ ಬಂದಾಗ ಅವನ ಮೊದಲ ಸೈನಿಕ ಮುಗಿದ. ಟೋಪಿ ಸೊಟ್ಟ, ಮೀಸೆ ಒಂದೇ ಕಡೆ, ಕೋಟಿನ ಬಣ್ಣ ಬೂಟಿಗೆ ಇಳಿದಿತ್ತು.

"ಕಣ್ಣು ನೋಡಿ," ಎಂದಳು ಅವಳು ಮೆಲ್ಲಗೆ. "ಬಲಕ್ಕೆ ಹೋಗಿದೆ."

ಅವಳು ಕೂತಿದ್ದದ್ದು ಅವನ ಬಲಗಡೆ.

ಅವನು ಹಸಿ ಬಣ್ಣದ ಸೈನಿಕನನ್ನು ಬಿರಡೆ ಸಮೇತ ಒಯ್ದು ಕಹಳೆಯವನ ಎಡಕ್ಕೆ ನಿಲ್ಲಿಸಿದ. ಬಾಗಿಲ ಕಡೆ ನೋಡುತ್ತಿದ್ದ ತಮ್ಮನ ಕಣ್ಣೂ, ಈಗಷ್ಟೇ ಬಂದವನ ಕಣ್ಣೂ ಒಂದನ್ನೊಂದು ಸಂಧಿಸಿದವು.