ಹೆಣ್ಣಿನ ಕಡೆಯವಳು

"ಆ ಕೈ ಕಣ್ಣಿಗೆ ಹಚ್ಚಬ್ಯಾಡ್ರೀ!"

ಕಮಲಾಪುರದ ಬಾಳೆತೋಟದ ಬದುವಿನ ಮೇಲೆ ಬಗ್ಗಿ ನಿಂತಿದ್ದ ಅಂಜನಾ ಬೆಚ್ಚಿ ತಿರುಗುವಷ್ಟರಲ್ಲಿ, ಯಾರೋ ಓಡಿ ಬಂದು ಅವಳ ಮುಂಗೈ ಹಿಡಿದೇಬಿಟ್ಟರು!

ಎದುರಿಗೆ ಒಬ್ಬ ಯುವಕ. ಮೊಣಕಾಲವರೆಗೆ ಕೆಸರು, ತಲೆಗೆ ಟವೆಲ್ಲು, ಮುಖದ ತುಂಬ ಗಾಬರಿ. ಅವಳ ಬೆರಳುಗಳಿಂದ ಎಕ್ಕೆಯ ಹಾಲು ಬೆಳ್ಳಗೆ ತೊಟ್ಟಿಕ್ಕುತ್ತಿತ್ತು.

"ಎಕ್ಕಿ ಹಾಲರೀ ಇದು. ಕಣ್ಣಿಗೆ ಬಿದ್ರ ಕಣ್ಣೇ ಹೋಗ್ತಾವ!"

"ಗೊತ್ತದರೀ! ನಾ ಕಲಬುರಗಿ ಕಾಲೇಜಿನಾಗ ಸಸ್ಯಶಾಸ್ತ್ರ ಹೇಳಿಕೊಡ್ತೀನಿ. ನಿನ್ನೆ ಇದನ್ನೇ ಪಾಠ ಮಾಡೀನಿ. ಮೊದಲ ಕೈ ಬಿಡ್ರಿ!"

ಬಿಟ್ಟ. ಆದರೆ ಸ್ವಲ್ಪ ತಡವಾಗಿ ಬಿಟ್ಟ. ತಡವಾದದ್ದು ತನಗೆ ಬೇಸರ ತರಲಿಲ್ಲವಲ್ಲ ಎಂದು ಅಂಜನಾಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಎಕ್ಕಿ ಗಿಡ ಊರ ತುಂಬ ಅವ. ನಿಮಗ ಇದೇ ಬೇಕಾಗಿತ್ತೇನ್ರಿ?"

"ಊರ ತುಂಬ ಇರೋವು ನೀಲಿ ಹೂವಿನವು. ಇದು ಬಿಳಿ ಎಕ್ಕಿ. ಇದನ್ನ ಹುಡುಕಿ ಹುಡುಕಿ ನನ್ನ ಚಪ್ಪಲಿ ಸವದಾವ! ಒಂದೇ ಟೊಂಗಿ ತಗೊಂಡೀನಿ."

"ಇನ್ನೊಂದು ಮುಟ್ಟಬ್ಯಾಡ್ರಿ. ನಮ್ಮ ಆಯಿ ನೋಡಿದ್ರ ನನ್ನ ಚರ್ಮ ಸುಲಿತಾಳ!"

ಇಷ್ಟೆತ್ತರದ ಮನುಷ್ಯ ಅಜ್ಜಿಗೆ ಇಷ್ಟೊಂದು ಹೆದರುವುದೇ?

"ಯಾಕ? ಈ ಗಿಡದಾಗ ಅಂಥಾದ್ದೇನದ?"

ಅವನ ಕಿವಿಗಳು ಕೆಂಪಾದವು.

"ಏನಿಲ್ರಿ... ಆಯಿಗೆ ಮೊಣಕಾಲು ನೋವದ. ಎಲಿಗೆ ಔಡಲೆಣ್ಣಿ ಸವರಿ, ಬಿಸಿ ಮಾಡಿ ಕಟ್ಕೋತಾಳ."

ಓದುಗರೇ, ಅದು ಅರ್ಧ ಸತ್ಯ. ಉಳಿದರ್ಧವನ್ನು ಅವನು ಅಂದೇ ಹೇಳಿದ್ದರೆ ಅಂಜನಾಳ ಮೂರು ಕರವಸ್ತ್ರ ಒದ್ದೆಯಾಗುವುದು ತಪ್ಪುತ್ತಿತ್ತು!

ಅವನ ಹೆಸರು ಅರುಣಕುಮಾರ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತಿದ್ದ. ವಾರಕ್ಕೊಮ್ಮೆ ಕಲಬುರಗಿ ಮಾರುಕಟ್ಟೆಗೆ ಹಣ್ಣು ತಂದು ಇಳಿಸಿದ ಮೇಲೆ, ಅವನ ಗಾಡಿ ತಾನಾಗಿಯೇ ಅಂಜನಾಳ ಕಾಲೇಜಿನ ಕಡೆ ತಿರುಗತೊಡಗಿತು. ಅವಳು ಎಕ್ಕೆಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆಯುತ್ತಿದ್ದಳು. ಅದು ಎಲ್ಲೆಲ್ಲಿ ಬೆಳೆಯುತ್ತದೆ, ಜನ ಏನೇನಕ್ಕೆ ಬಳಸುತ್ತಾರೆ ಎಂದೆಲ್ಲ. ಇಬ್ಬರೂ ಕೋಟೆಯ ಗೋಡೆಯ ಬಿರುಕುಗಳಲ್ಲಿ ಎಕ್ಕೆ ಎಣಿಸಿದರು. ರೈಲು ಹಳಿಯ ಬದಿಯಲ್ಲಿ ಎಣಿಸಿದರು. ಜಗತ್ ಸರ್ಕಲ್ಲಿನ ಹತ್ತಿರ ಒಡೆದ ಫುಟ್‌ಪಾತಿನಲ್ಲಿ ಎಣಿಸುವಾಗ ಟ್ರಾಫಿಕ್ ಪೊಲೀಸರು ಇಬ್ಬರನ್ನೂ ಎಬ್ಬಿಸಿ ಕಳಿಸಿದರು.

"ಒಂದು ಹನಿ ನೀರು ಬ್ಯಾಡ, ಗೊಬ್ಬರ ಬ್ಯಾಡ. ಆಡು ಸೈತ ತಿನ್ನಂಗಿಲ್ಲ. ನನ್ನ ಬಾಳಿ ಹಿಂಗಿದ್ದಿದ್ರ ನಾ ದಿನಾ ಮಲಗೇ ಇರ್ತಿದ್ದೆ ನೋಡ್ರಿ!" ಎಂದು ಅರುಣ ನಗುತ್ತಿದ್ದ.

ಅವನ ಅಜ್ಜಿ ಬಂಡೆಮ್ಮನ ಮನೆಯಲ್ಲಿ ಅಂಜನಾಗೆ ಬಿಸಿ ರೊಟ್ಟಿಯ ಜೊತೆ ಮಾಹಿತಿಯೂ ಸಿಕ್ಕಿತು. ಕಾಲಿಗೆ ಮುಳ್ಳು ಮುರಿದರೆ ಎಕ್ಕೆ ಹಾಲು. ಶನಿವಾರ ಹಣಮಪ್ಪನಿಗೆ ಎಲೆಯ ಮಾಲೆ. ರಥಸಪ್ತಮಿಯಂದು ತಲೆ, ಭುಜದ ಮೇಲೆ ಎಲೆ ಇಟ್ಟುಕೊಂಡು ಸ್ನಾನ. ಕಾಯಿಯೊಳಗಿನ ಅರಳೆಯಿಂದ ದಿಂಬು. ಬಂಡೆಮ್ಮ ಹೇಳಿದಳು, ಅಂಜನಾ ಬರೆದಳು, ಅರುಣ ಅಂಜನಾಳನ್ನೇ ನೋಡಿದ.

ಒಂದು ದಿನ ಕೋಟೆಯಿಂದ ಹೊರಬರುವಾಗ ಅವನಾಗಿಯೇ ಹೇಳಿದ. "ನಂಗ ಎರಡು ಕಡೆ ನಿಶ್ಚಯ ಆಗಿ ಮುರದಾವ್ರಿ. ಮೊದಲನೇದು, ಹೋಳಿಗಿಯಾಗ ಹೂರಣ ಕಮ್ಮಿ ಅಂತ ಬೀಗರು ಜಗಳಾಡಿದ್ರು. ಎರಡನೇ ಹುಡುಗಿ ನಂಗ ಫೋನ್ ಮಾಡಿ ಅತ್ಲು. ಆಕಿ ಮನಸ್ಸಿನಾಗ ಬ್ಯಾರೆ ಹುಡುಗ ಇದ್ದ. ಅದಕ್ಕ ನಾನೇ ಹುಡುಗಿ ಬ್ಯಾಡ ಅಂದುಬಿಟ್ಟೆ. ಎರಡೂ ಮನಿಯವರು ಕೂಡಿ ನಂಗ ಬೈದ್ರು."

ಇಂಥವನನ್ನು ಯಾರಾದರೂ ಬಿಡುತ್ತಾರೆಯೇ? ಅಂಜನಾಳ ಎದೆಯಲ್ಲಿ ಏನೋ ಮೆತ್ತಗಾಯಿತು. 'ಇನ್ನು ಇವನಾಗಿ ಕೇಳಿದರೆ ಹೂಂ ಅಂತೀನಿ' ಎಂದು ಅವತ್ತೇ ನಿರ್ಧರಿಸಿದಳು.

ಅವನು ಕೇಳಲಿಲ್ಲ. ಬದಲಿಗೆ ಬಂಡೆಮ್ಮನ ಫೋನು ಬಂತು!

"ಅಂಜನಾ, ಐತವಾರ ನಮ್ಮ ಅರುಣನ ಲಗ್ನ ಇಟ್ಟೀವಿ. ಹೆಣ್ಣಿನ ಕಡೆಯವರು ಅಂತ ಯಾರೂ ಇಲ್ಲವ್ವ. ನೀನೇ ಬಂದು ಕೂಡಬೇಕು. ತಪ್ಪಸಬ್ಯಾಡ!"

ಫೋನು ಕಟ್ಟಾಯಿತು.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅಂಜನಾ ಅರುಣ ಕೊಟ್ಟಿದ್ದ ಕೆಂಪು ಬಾಳೆಹಣ್ಣು ತಿನ್ನುತ್ತ ಅತ್ತಳು. ಗೆಳತಿ ಮೆಹರೀನ್ ಹೌಹಾರಿದಳು.

"ಅರೆ! ಹಣ್ಣು ತಿಂತಾ ತಿಂತಾ ಯಾರರ ಅಳ್ತಾರೇನೇ? ಮೊದಲ ನುಂಗು, ಆಮ್ಯಾಲ ಅಳು. ಲಗ್ನಕ್ಕ ಹೋಗಬ್ಯಾಡ ಬಿಡು."

"ಹೋಗ್ತೀನಿ! ಆ ಹೆಣ್ಣಿನಾಗ ನನ್ನಾಗ ಇಲ್ಲದ್ದು ಏನದ, ನೋಡೇ ಬರ್ತೀನಿ!"

ಭಾನುವಾರ ಬೆಳಿಗ್ಗೆ ಅಂಜನಾ ಇದ್ದುದರಲ್ಲೇ ಚೆಂದದ ಸೀರೆ ಉಟ್ಟು, ಕಮಲಾಪುರದ ಬಸ್ಸು ಹತ್ತಿ, ತೋಟಕ್ಕೆ ಬಂದಳು. ಬದುವಿನ ಮೇಲೆ ಪುಟ್ಟ ಹಂದರ. ಸುತ್ತ ಊರಿನವರು, ನಡುವೆ ಲಗ್ನ ಮಾಡಿಸುವ ಅಯ್ಯನವರು. ಬಾಸಿಂಗ ಕಟ್ಟಿಕೊಂಡ ಅರುಣ ನೆಲ ನೋಡುತ್ತ ಕುಳಿತಿದ್ದ. ಅಂಜನಾ ಹಂದರದ ತುಂಬ ಕಣ್ಣಾಡಿಸಿದಳು.

"ಹೆಣ್ಣು ಎಲ್ಲಿ?"

ಬಂಡೆಮ್ಮ ಬೆರಳು ತೋರಿಸಿದಳು. ಅವನ ಎದುರಿಗೆ ಅದೇ ಬಿಳಿ ಎಕ್ಕೆಯ ಗಿಡ! ಮೈಗೆ ಹಸಿರು ಸೀರೆ, ಬುಡಕ್ಕೆ ಅರಿಶಿನ, ಕೊಂಬೆಗೆ ಬಾಸಿಂಗ!

"ಎರಡು ಸಲ ನಿಶ್ಚಯ ಮುರದದ. ಮೂರನೇದು ಹುಡುಗಿ ಜೀವಕ್ಕ ಆಗಿಬರಂಗಿಲ್ಲ. ಅದಕ್ಕ ಮೂರನೇ ಲಗ್ನ ಎಕ್ಕಿ ಜೊತಿ ಮಾಡಿ, ನಾಕನೇದಕ್ಕ ಹೆಣ್ಣು ತರೋದು. ಹಿಂದಿನಿಂದ ಬಂದ ಪದ್ಧತಿ ಅದ" ಎಂದಳು ಬಂಡೆಮ್ಮ. "ಈ ಹೆಣ್ಣಿನ ಬಗ್ಗೆ ನಿನ್ನಷ್ಟು ತಿಳಕೊಂಡವರು ಯಾರದಾರ? ಕೂಡು, ಅಯ್ಯನವರಿಗೆ ಆಕಿ ಕುಲಾ ಹೇಳು."

ಅಂಜನಾಗೆ ನಗಬೇಕೋ ಗಿಡವನ್ನು ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಎರಡು ದಿನದ ಅಳು ಒಂದು ಗಿಡಕ್ಕಾಗಿ!

"ಲಗ್ನ ಆದ ಮ್ಯಾಲ ಈಕಿನ್ನ ಏನು ಮಾಡ್ತೀರಿ?"

"ಕಡೀತೀವಿ. ಅದೂ ಪದ್ಧತಿನೇ."

"ಕಡೀತೀರಾ?!"

ಅಯ್ಯನವರು ಗಡಿಯಾರ ನೋಡಿಕೊಂಡರು. "ಲಗೂನ ಮಾಡ್ರಿ. ಹನ್ನೊಂದಕ್ಕ ನಂಗ ಇನ್ನೊಂದು ಲಗ್ನ ಅದ. ಅಲ್ಲಿ ಹೆಣ್ಣು ಕಾಯಂಗಿಲ್ಲ."

ಅಂಜನಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿಡದ ಪಕ್ಕ ಕುಳಿತಳು.

"ಕುಲಾ ಹೇಳ್ತೀನಿ ಕೇಳ್ರಿ. ಈಕಿ ಬಿಸಿಲಿನಾಗ ಹುಟ್ಟಿ ಬೆಳದಾಕಿ. ಬಂಧು ಬಳಗ ಬೀದರದಿಂದ ರಾಯಚೂರತನ ಅದಾರ. ಯಾರ ಮುಂದೂ ನೀರಿಗೆ ಕೈ ಚಾಚಿದಾಕಿ ಅಲ್ಲ. ಇಂಥಾಕಿನ್ನ ಕೊಡಬೇಕಾದ್ರ ಹೆಣ್ಣಿನ ಕಡೆಯವರು ವರಗ ಒಂದು ಮಾತು ಕೇಳಬೇಕಲ್ಲ?"

"ಕೇಳು, ಕೇಳು" ಎಂದಳು ಬಂಡೆಮ್ಮ ಖುಷಿಯಿಂದ. ಈಗ ನಿಜವಾದ ಬೀಗತನದ ಕಳೆ ಬಂದಿತ್ತು!

ಅಂಜನಾ ಅರುಣನ ಕಡೆ ತಿರುಗಿದಳು.

"ವರನ ಮನಸ್ಸಿನಾಗ ಬ್ಯಾರೆ ಯಾರರ ಅದಾರೇನು? ಖರೇ ಹೇಳಬೇಕು."

ಅರುಣ ಮೆಲ್ಲಗೆ ತಲೆ ಎತ್ತಿದ.

"ಅದಾರ್ರಿ."

ಹಂದರದಲ್ಲಿದ್ದವರೆಲ್ಲ ಕತ್ತು ಮುಂದೆ ಚಾಚಿದರು!

"ಯಾರು?"

"ಆಕಿನೇ... ಎದುರಿಗೆ ಕುಂತು ಕೇಳಾಕತ್ತಾಳ."

ಅಂಜನಾಳ ಕಣ್ಣು ತುಂಬಿದವು. "ಮತ್ತ ಇದೆಲ್ಲ ಯಾಕ್ರಿ? ನೀವು ಇಂಥಾದ್ದನ್ನ ನಂಬ್ತೀರೇನು?"

"ಇಲ್ರಿ. ಸುಳ್ಳಂತ ಗೊತ್ತದ. ಆದ್ರ ಆಯಿ ಹೇಳಿದ ದಿನದಿಂದ, ಖರೇನ ನಿಮಗ ಏನರ ಆಯ್ತಂದ್ರ ಅಂತ ನಂಗ ನಿದ್ದಿಲ್ಲ. ಒಂದು ಗಿಡಕ್ಕ ತಾಳಿ ಕಟ್ಟಿದ್ರ ನೀವು ಛೊಲೊ ಇರ್ತೀರಿ ಅಂದ್ರ, ಕಟ್ಟಿಬಿಡೋಣಂತ... ಹೇಳಿದ್ರ ನೀವು ನಗ್ತೀರಿ ಅಂತ ಹೇಳಲಿಲ್ಲ."

ಅವಳು ನಗಲಿಲ್ಲ. ಅವಳಿಗೇನೂ ಆಗದಿರಲಿ ಎಂದು ಊರಿನವರ ಮುಂದೆ ಗಿಡದ ಎದುರು ಕುಳಿತ ಈ ಮನುಷ್ಯನ ಮೇಲೆ ಅವಳಿಗೆ ಹೇಳಲಾರದಷ್ಟು ಪ್ರೀತಿ ಉಕ್ಕಿತು. ಕಣ್ಣು ಒರೆಸಿಕೊಂಡು ಎದ್ದು ನಿಂತಳು.

"ಅಯ್ಯನವರ, ವರನ ಮನಸ್ಸು ಬ್ಯಾರೆ ಕಡೆ ಅದ. ಹೆಣ್ಣಿನ ಕಡೆಯವರಿಗೆ ಈ ಸಂಬಂಧ ಒಪ್ಪಿಗಿ ಇಲ್ಲ. ನಮ್ಮ ಹೆಣ್ಣು ನಾವು ಕೊಡಂಗಿಲ್ಲ!"

"ಅಯ್ಯಯ್ಯ! ಇದೂ ಮುರೀತು!" ಬಂಡೆಮ್ಮ ಹಣೆ ಬಡಿದುಕೊಂಡಳು. ಆಮೇಲೆ ಕೈ ಅಲ್ಲೇ ನಿಂತಿತು. ಬೆರಳು ಮಡಚಿದಳು. ಒಂದು... ಎರಡು... ಮೂರು.

"ಅಯ್ಯನವರ, ಮೂರನೇದು ಎಕ್ಕಿ ಜೊತಿ ನಿಶ್ಚಯ ಆಗಿತ್ತು ಹೌದಿಲ್ಲೋ?"

"ಹೌದು."

"ಮುರೀತು ಹೌದಿಲ್ಲೋ?"

"ಮುರೀತವ್ವ, ಕಣ್ಣಾರೆ ಕಂಡೀನಿ."

"ಮತ್ತ ಮೂರು ಮುಗದ್ವು!" ಮುದುಕಿಯ ಮುಖ ಅರಳಿತು. "ಇನ್ನ ನಾಕನೇದಕ್ಕ ಅಡ್ಡಿ ಇಲ್ಲ! ಏ, ಅಡಗಿ ಕೆಡಸಬ್ಯಾಡ್ರಿ, ಎಲ್ಲಾರೂ ಉಣ್ಣಾಕ ಕುಂಡ್ರಿ!"

ಜನ ಊಟಕ್ಕೆ ಎದ್ದರು. ಅಂಜನಾ ಗಿಡದ ಸೀರೆಯನ್ನು ಒಂದು ಎಲೆಯೂ ಹರಿಯದಂತೆ ಬಿಡಿಸಿದಳು. ಆಮೇಲೆ ಅರುಣನ ಮುಂದೆ ಕುಳಿತು ಅವನ ಬಾಸಿಂಗದ ದಾರ ಬಿಚ್ಚಿದಳು. ಅವನ ಹಣೆ ಬೆವರಿತ್ತು.

"ಇನ್ನ ಮುಂದ ಹೆದರಿಕಿ ಆದ್ರ ಒಬ್ಬರೇ ಹಿಂಗ ಬಂದು ಕೂಡಬ್ಯಾಡ್ರಿ. ನಂಗ ಹೇಳ್ರಿ. ಇಬ್ರೂ ಕೂಡಿ ಹೆದರೋಣು."

"ಈಗೇ ಆಗಾಕತ್ತದ್ರಿ."

"ಈಗೇನಾಯ್ತು?"

"ಸಂಜಿಗೆ ನಿಮ್ಮನಿಗೆ ಬಂದು ನಿಮ್ಮ ಅವ್ವಗ ಕೇಳಬೇಕಲ್ಲ?"

ಅಂಜನಾಗೆ ಅವ್ವ ಶಾರದಾಬಾಯಿಯ ಗಂಟಿಕ್ಕಿದ ಮುಖ ಕಣ್ಣ ಮುಂದೆ ಬಂತು. ಅವಳೂ ಬೆವರಿದಳು.

"ಅಯ್ಯೋ... ಹೌದಲ್ರಿ!"

ಆಮೇಲೆ ಅವನ ಪಕ್ಕಕ್ಕೆ ಸರಿದು, ಭುಜಕ್ಕೆ ಭುಜ ತಾಗಿಸಿ ಕುಳಿತಳು.

"ಸರೀರಿ... ಹೆದರೋಣು."