ಹುಲಿ ಕಟ್ಟೆಯ ರ‍್ಯಾಂಪ್

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮಾತ್ರ ದೀಪೇಶನ ಕೆನ್ನೆಗೆ ಬಾರಿಸಬೇಕು ಅನಿಸುತ್ತಿತ್ತು. ಅವನು ನನ್ನ ವೀಲ್‌ಚೇರಿನ ಹಿಂದೆ ನಿಂತು, ಏನೋ ದೊಡ್ಡದು ಗೆದ್ದವನಂತೆ ನಗುತ್ತಿದ್ದ.

ನಾನು ಅಶ್ಮಿತಾ, ಈ ಮೃಗಾಲಯದ ಗೈಡ್. ಗೇಟಿನ ಹತ್ತಿರ ಮೈಕ್ ಹಿಡಿದು ಶಾಲೆಯ ಮಕ್ಕಳಿಗೆ ಹುಲಿಯ ಕಥೆ ಹೇಳುತ್ತೇನೆ. ಆದರೆ ಇಲ್ಲಿನ ಹುಲಿಯನ್ನು ನಾನೇ ನೋಡಿರಲಿಲ್ಲ. ಹುಲಿಯನ್ನು ನೋಡಲು ಹತ್ತಿ ನಿಲ್ಲುವ ಹುಲಿ ಕಟ್ಟೆಗೆ ಇದ್ದದ್ದು ಬರೀ ಮೆಟ್ಟಿಲು. ಕೇಳಿ ಕೇಳಿ ಸಾಕಾದ ಮೇಲೆ ವೀಲ್‌ಚೇರ್ ಏರಲು ಒಂದು ಕಬ್ಬಿಣದ ರ‍್ಯಾಂಪ್ ಮಂಜೂರಾಯಿತು, ಬೈಕಂಪಾಡಿಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿದ್ದ ದೀಪೇಶನಿಗೆ ಆ ಕೆಲಸ ಸಿಕ್ಕಿತು. ಕಬ್ಬಿಣ ಕೊರೆಯುತ್ತಲೇ ಕನ್ನಡಕ ಎತ್ತಿ ಅವನು ನನ್ನ ಕಡೆ ನೋಡುತ್ತಿದ್ದ. ನಾನು ಹುಲಿಯನ್ನು ಬಿಟ್ಟು ಕರಡಿಯ ಕಥೆ ಹೇಳಿಬಿಡುತ್ತಿದ್ದೆ.

"ನನ್ನನ್ನೇ ನೋಡಿದ್ರೆ ಕೈ ಸುಟ್ಕೊಳ್ತಿ ಮಾರಾಯ."

"ಸುಡ್ಲಿ. ಇನ್ನೊಂದು ಕೈ ಉಂಟಲ್ಲ."

ಮದುವೆಯ ಮಾತನ್ನು ಅವನೇ ಎತ್ತಿದ. ರ‍್ಯಾಂಪ್ ಪಾಸಾದ ದಿನ ಉತ್ತರ ಹೇಳುತ್ತೇನೆ ಎಂದಿದ್ದೆ. ನನ್ನ ಪ್ರಾಣ ಆಗಲೇ ಅವನ ಹತ್ತಿರ ಇತ್ತು.

ಇವತ್ತು ಬೆಳಿಗ್ಗೆ ಅಧಿಕಾರಿಗಳು ಪರೀಕ್ಷೆಗೆ ಬಂದರು. ನಾನು ಅರ್ಧ ಏರಿದೆ, ಅಷ್ಟೇ. ಚಕ್ರ ಹಿಂದಕ್ಕೆ ಜಾರತೊಡಗಿತು. ದೀಪೇಶ ಓಡಿ ಬಂದವನೇ, ಒಂದು ಮಾತೂ ಕೇಳದೆ, ನನ್ನನ್ನು ಮೇಲಕ್ಕೆ ತಳ್ಳಿಬಿಟ್ಟ. ಆ ಚಪ್ಪಾಳೆ ಬಿದ್ದದ್ದು ಅದಕ್ಕೆ.

"ಪಾಸ್. ತಳ್ಳಲಿಕ್ಕೆ ಒಬ್ಬರು ಇದ್ರೆ ಸಾಕು," ಎಂದರು ಅಧಿಕಾರಿ.

"ಸಾಕಾಗುದಿಲ್ಲ ಸರ್," ಎಂದೆ. "ಒಬ್ಬಳೇ ಬಂದವಳು ಎಂತ ಮಾಡ್ಬೇಕು? ಇದು ಫೇಲ್."

ದೀಪೇಶನ ಮುಖ ಬಿಳುಚಿತು. ಕಟ್ಟೆಯ ಕೆಳಗಿನ ಕಂದಕದಲ್ಲಿ ಹುಲಿ ಎದ್ದು ಬಂದಿತ್ತಂತೆ. ನಾನು ಅದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದೆ.

ನನ್ನನ್ನು ಕೆಳಗಿಳಿಸಿದ್ದು ವಾಚ್‌ಮನ್ ಉಮರಬ್ಬ. ದೀಪೇಶ ಹತ್ತಿರ ಬಂದದ್ದು ಸಂಜೆ, ಜನ ಎಲ್ಲ ಹೋದ ಮೇಲೆ.

"ಎಲ್ಲರ ಎದುರು ಮರ್ಯಾದೆ ತೆಗ್ದಿಯಲ್ಲ! ಕುಚ್ಚಲಕ್ಕಿ ಗೋಣಿಯನ್ನು ಕುರ್ಚಿಯಲ್ಲಿಟ್ಟು ತಳ್ಳಿ ನೋಡಿದ್ದೇನೆ ನಾನು. ನೀರು ಕುಡಿದಷ್ಟು ಸುಲಭ ಆಗಿತ್ತು."

"ಅಕ್ಕಿ ಗೋಣಿಗೆ ಕೈ ಉಂಟಾ ದೀಪು?"

ಅವನು ನನ್ನ ಕುರ್ಚಿಯ ಹಿಡಿಯ ಮೇಲೆ ಕೈ ಇಟ್ಟ. "ತಳ್ಳಲಿಕ್ಕೆ ನಾನಿದ್ದೇನಲ್ಲ, ಜೀವನಪೂರ್ತಿ."

"ಅದೇ ಹೆದರಿಕೆ ನನಗೆ." ಅಳು ತಡೆಯಲಾಗಲಿಲ್ಲ. "ನೀನಿಲ್ಲದೆ ಬದುಕ್ಲಿಕ್ಕೆ ಆಗುದಿಲ್ಲ. ನೀನು ತಳ್ತಾನೇ ಇದ್ರೂ ಆಗುದಿಲ್ಲ. ನಾನು ಎಲ್ಲಿಗೆ ಹೋಗ್ಲಿ, ಹೇಳು!"

ಅವನು ಇಳಿಜಾರಿನ ಕಡೆ ತಿರುಗಿ ನೋಡಿದ. "ನಿನ್ನ ಕುರ್ಚಿ ಕೊಡು," ಎಂದ.

ನಾನು ಕಲ್ಲುಬೆಂಚಿಗೆ ಸರಿದು ಕುಳಿತೆ. ಅವನು ಕುರ್ಚಿಯಲ್ಲಿ ಕುಳಿತು ಚಕ್ರ ಎಳೆದ. ಕಬ್ಬಿಣ ಎತ್ತಿ ಪಳಗಿದ ತೋಳು ಅವನದು. ಆದರೂ ಅರ್ಧದಲ್ಲೇ ನಿಂತ. ಮೇಲೆ ಹೋಗಲಾಗದು, ಕೆಳಗೆ ಬರಲು ಭಯ.

"ಅಶ್ಮಿ, ಕೈ ಬಿಟ್ರೆ ಎಂತ ಆಗ್ತದೆ?"

"ಹಿಂದಕ್ಕೆ ಬೀಳ್ತಿ."

"ಬೆಳಿಗ್ಗೆ ನೀನು ಹೀಗೇ..." ಅವನು ಚಕ್ರವನ್ನು ಇನ್ನೂ ಬಿಗಿಯಾಗಿ ಹಿಡಿದ.

"ಮುಂದಕ್ಕೆ ಬಾಗು. ಅಂಗೈಯಲ್ಲಿ ಚಕ್ರವನ್ನು ಸ್ವಲ್ಪ ಸ್ವಲ್ಪವೇ ಜಾರಲು ಬಿಡು. ನಾನು ಹೇಳ್ತೇನೆ, ಹೆದರ್ಬೇಡ."

ನನ್ನ ಮಾತು ಹಿಡಿದುಕೊಂಡೇ ಇಳಿದು ಬಂದ. ಅಂಗೈ ಸುಲಿದಿತ್ತು.

"ಇದನ್ನು ಕತ್ತರಿಸಿ ಹಾಕ್ತೇನೆ," ಎಂದ. "ಉದ್ದ ಮಾಡಿ, ನಡುವೆ ನಿಲ್ಲಲಿಕ್ಕೆ ಜಾಗ ಇಟ್ಟು ಕಟ್ಟುವ. ತಡ ಆಯ್ತೆಂದು ಅವರು ಕೆಲಸ ಬೇರೆಯವನಿಗೆ ಕೊಟ್ರೂ ಕೊಡ್ಲಿ. ಅಳತೆ ನೀನೇ ಹೇಳ್ಬೇಕು."

ಎದ್ದು, ಕುರ್ಚಿಯನ್ನು ಬೆಂಚಿನ ಪಕ್ಕಕ್ಕೆ ತಂದ. ನನ್ನನ್ನು ಎತ್ತಲೆಂದು ಎರಡೂ ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು.

"ಎಂತ ಮಾಡ್ಲಿ?" ಎಂದು ಕೇಳಿದ.

"ಬ್ರೇಕ್ ಹಾಕು."

ಹಾಕಿದ. "ಮತ್ತೆ?"

"ಮತ್ತೆ ಅಲ್ಲೇ ನಿಲ್ಲು, ಎಲ್ಲಿಗೂ ಹೋಗ್ಬೇಡ. ನಾನೇ ಬರ್ತೇನೆ."